ಥಂಡಿಗಾಲದ ಬೆಂಕಿ, ಅದರ ಹೊಗೆ, ಆರಿಸಲು ಬರುವವರ ಎದೆ

ಎಳ್ಳ ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಬೀದರಿನ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಹೊಸದೇನಲ್ಲ. ಕಲಬುರಗಿ, ಯಾದಗಿರಿಯಲ್ಲಿ ಅಷ್ಟು ಕೊರೆಯುವುದಿಲ್ಲ, ಆದರೂ ಮೇ ತಿಂಗಳ ಬಿಸಿಲಿಗೆ ಒಗ್ಗಿದ ಮೈಗೆ 13–14 ಡಿಗ್ರಿ ಅಂದರೂ ನಡುಕವೇ. ನಮ್ಮ ಕಡೆ ಮನೆ ಕಟ್ಟುವುದು ಬಿಸಿಲನ್ನು ನೆನೆದು. ಚಳಿಗಂತ ಯಾವ ಏರ್ಪಾಡೂ ಇರುವುದಿಲ್ಲ. ಎರಡು ತಿಂಗಳ ಮಟ್ಟಿಗೆ ಅಲ್ವೇ ಅಂತ ಇದ್ದಿಲು, ರಾಡು, ಬಾಡಿಗೆ ಹೀಟರು, ಹಳೆ ಜಂಕ್ಷನ್ ಬಾಕ್ಸು ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಕಾಲ ತಳ್ಳುತ್ತೇವೆ. ಅವಘಡ ಹುಟ್ಟುವುದು ಈ ತಾತ್ಪೂರ್ತಿಕ ಏರ್ಪಾಡಿನಲ್ಲೇ.

ಇನ್ನೊಂದು ಮಾತನ್ನು ಇದರ ಜೊತೆಗೇ ಹೇಳಬೇಕು. ಮನೆಗೆ ಬೆಂಕಿ ಬಿದ್ದಾಗ ನಾವು ಹೊರಗೆ ಓಡುತ್ತೇವೆ, ಅಗ್ನಿಶಾಮಕದವರು ಒಳಗೆ ಹೋಗುತ್ತಾರೆ. ನಾವು ಮನೆಯೊಳಗೆ ಏನೇನು ತುಂಬಿಟ್ಟಿದ್ದೇವೋ ಅದೆಲ್ಲ ಹೊಗೆಯಾಗಿ ಹೋಗುವುದು ಅವರ ಎದೆಗೆ. ಹಾಗಾಗಿ ಮನೆಯ ಸುರಕ್ಷತೆ, ಅವರ ಆರೋಗ್ಯ ಎರಡನ್ನೂ ಕೂಡಿಸಿಯೇ ಬರೆಯುತ್ತಿದ್ದೇನೆ.

ಕೆಂಡದ ವಿಷಯ

ಮೊದಲು ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿ, ಹೊರಸಿನ ಕೆಳಗೋ ಪಕ್ಕಕ್ಕೋ ಕೆಂಡದ ಶೇಗಡಿ ಇಡುವುದು, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುವುದು ಈ ಭಾಗದ ಬಹಳ ಮನೆಗಳಲ್ಲಿ ಇನ್ನೂ ಇದೆ. ಬಾಗಿಲು ತೆಗೆಯಿರಿ ಅಂದರೆ ಆಯಿ ಹೇಳುವ ಮಾತು ಒಂದೇ: "ಬಾಗಲಾ ತಗದ್ರ ಕೂಸಿಗಿ ಥಂಡಿ ಹತ್ತತದ." ಅವರ ಕಾಳಜಿ ಸುಳ್ಳಲ್ಲ. ಆದರೆ ಚೆನ್ನಾಗಿ ಕೆಂಪಗಾದ ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಕಣ್ಣು ಉರಿಯುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನು ನಂಬುತ್ತಾರೆ. ಹಸಿ ಕಟ್ಟಿಗೆಯಾದರೆ ಕೆಮ್ಮು ಬಂದು ತಾವಾಗಿಯೇ ಎದ್ದು ಹೊರಗೆ ಬರುತ್ತಿದ್ದರು.

ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಕಿಲೋ ಇದ್ದಿಲು ಉರಿದರೆ ಸುಮಾರು 200 ಗ್ರಾಂ ಈ ಅನಿಲ ಹೊರಬೀಳುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು 28,000 ಲೀಟರ್. ಅಲ್ಲಿ ಬರೀ ಕಾಲು ಕಿಲೋ ಇದ್ದಿಲು ಉರಿದು ಗಾಳಿ ಎಲ್ಲೂ ಹೊರಗೆ ಹೋಗದಿದ್ದರೆ ಹತ್ತು ಲಕ್ಷ ಭಾಗದಲ್ಲಿ 1,500 ಭಾಗದಷ್ಟು ವಿಷ ತುಂಬುತ್ತದೆ. ಬಾಗಿಲ ಸಂದಿಯಿಂದ ಅರ್ಧ ಸೋರಿತು ಅಂತಿಟ್ಟುಕೊಂಡರೂ 700ರ ಮೇಲೆ ಉಳಿಯಿತು. 800ರ ಮಟ್ಟದಲ್ಲಿ ಮುಕ್ಕಾಲು ಗಂಟೆಗೆ ತಲೆಸುತ್ತು, ವಾಕರಿಕೆ, ಎರಡು ಗಂಟೆಯೊಳಗೆ ಎಚ್ಚರ ತಪ್ಪುವುದು. ಮಲಗಿದವರಿಗೆ ತಲೆಸುತ್ತು ಗೊತ್ತಾಗುವುದಾದರೂ ಹೇಗೆ? ನಿದ್ದೆಯಲ್ಲಿಯೇ ಮುಂದಿನ ಹಂತಕ್ಕೆ ಹೋಗಿರುತ್ತಾರೆ.

ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಅದಕ್ಕೆ ಎರಡರ ವ್ಯತ್ಯಾಸ ತಿಳಿಯದೆ, ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ 97, 98 ತೋರಿಸುತ್ತದೆ. ಆಸ್ಪತ್ರೆಗೆ ಹೋದಾಗ "ರಾತ್ರಿ ಇದ್ದಿಲು ಇಟ್ಟಿದ್ದೆವು" ಅಂತ ಬಾಯಿಬಿಟ್ಟು ಹೇಳಲೇಬೇಕು. ಸಾಮಾನ್ಯ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಬೆಳಿಗ್ಗೆ ತಲೆನೋವು, ವಾಂತಿ ಬಂದು, ಹೊರಗೆ ಅಂಗಳಕ್ಕೆ ಬಂದ ಮೇಲೆ ಹಗುರಾದರೆ ರಾತ್ರಿಯ ಊಟವನ್ನು ಬೈಯುವ ಮೊದಲು ಶೇಗಡಿಯನ್ನು ನೋಡಿ.

ಹಾಗಾದರೆ ಬಾಣಂತಿಗೆ ಏನು ಮಾಡಬೇಕು? ಕೋಣೆಯನ್ನು ಬೆಚ್ಚಗೆ ಮಾಡಿ ಆಮೇಲೆ ಮಲಗಿಸಿ. ಅಂದರೆ ಕೆಂಡವನ್ನು ಹೊರಗೆ ಅಂಗಳದಲ್ಲೇ ಪೂರ್ತಿ ಕೆಂಪಗೆ ಮಾಡಿಕೊಂಡು, ಬಾಗಿಲು ಮತ್ತು ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿಟ್ಟು, ಎಚ್ಚರಿದ್ದವರ ಕಣ್ಮುಂದೆ ಹದಿನೈದು ಇಪ್ಪತ್ತು ನಿಮಿಷ ಕಾಯಿಸಿ, ಮಲಗುವ ಮೊದಲು ಹೊರಗೆ ಒಯ್ಯಿರಿ. ಹೊರಸಿನ ಕೆಳಗೆ ಮಾತ್ರ ಬೇಡವೇ ಬೇಡ. ಕೌದಿಯ ತುದಿ ಜಾರಿ ಕೆಂಡಕ್ಕೆ ತಾಗಿದರೆ ಉರಿ ಏಳುವುದಿಲ್ಲ. ಕೌದಿ ಪದರು ಪದರು ಹಳೆ ಹತ್ತಿ ಬಟ್ಟೆ, ಒಳಗೊಳಗೇ ಹೊಗೆಯಾಡುತ್ತಾ ಗಂಟೆಗಟ್ಟಲೆ ಸಾಗುತ್ತದೆ. ರಬ್ಬರಿನ ಬಿಸಿನೀರ ಚೀಲ, ಉಣ್ಣೆ ಟೋಪಿ, ಕಾಲುಚೀಲ, ತಾಯಿಯ ಎದೆಗೆ ಕೂಸನ್ನು ಅಂಟಿಸಿಕೊಂಡು ಮೇಲೆ ಹೊದಿಸುವುದು ಇವು ಶೇಗಡಿಗಿಂತ ಎಷ್ಟೋ ವಾಸಿ.

ಇದೇ ಅನಿಲ ಬಚ್ಚಲಿನ ಗ್ಯಾಸ್ ಗೀಸರಿನಿಂದಲೂ ಬರುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಕೂಡಿಸುವ ಪ್ಲಂಬರನ ಮಾತು ಕೇಳಬೇಡಿ. ಅದು ಹೊರಗಿನ ಗೋಡೆಗೆ ಇರಲಿ, ಒಳಗೆ ಬರುವುದು ಬಿಸಿನೀರಿನ ಪೈಪು ಒಂದೇ.

ಶೇಗಡಿಯ ಬೂದಿ ಇನ್ನೊಂದು ಅಪಾಯ. ಮೇಲೆ ಬೆಳ್ಳಗೆ ತಣ್ಣಗೆ ಕಂಡರೂ ಒಳಗಿನ ಕೆಂಡ ಮರುದಿನದವರೆಗೆ ಜೀವ ಹಿಡಿದಿರುತ್ತದೆ. ಅದನ್ನು ತಿಪ್ಪೆಗೆ ಚೆಲ್ಲುವುದು, ತಿಪ್ಪೆಯ ಪಕ್ಕದಲ್ಲೇ ಕಣಿಕೆ ಬಣವೆ, ಮಧ್ಯಾಹ್ನದ ಮೂಡಗಾಳಿ... ಮುಂದಿನದು ಹಳ್ಳಿಯವರಿಗೆ ಹೇಳಬೇಕಿಲ್ಲ. ಬೂದಿಯನ್ನು ತಗಡಿನ ಡಬ್ಬಿಗೆ ಹಾಕಿ, ನೀರು ಸುರಿದು ಕಲಸಿ, ಒಂದು ದಿನ ಬಿಟ್ಟು ಚೆಲ್ಲಿ.

ರಾಡು, ಹೀಟರು ಮತ್ತು ಟ್ರಿಪ್ ಆಗದ ಸ್ವಿಚ್ಚು

ನೀರು ಕಾಯಿಸುವ ರಾಡು ಸಾಮಾನ್ಯವಾಗಿ 1,500 ವ್ಯಾಟ್. 230 ವೋಲ್ಟಿಗೆ ಅದು ಎಳೆಯುವುದು ಆರೂವರೆ ಆಂಪಿಯರ್. ರೂಮ್ ಹೀಟರು 2,000 ವ್ಯಾಟ್ ಆದರೆ 8.7 ಆಂಪಿಯರ್. ಸಣ್ಣ ಪಿನ್ನಿನ ಸಾಕೆಟ್ಟು ತಾಳುವುದು 6 ಆಂಪಿಯರ್, ದಪ್ಪ ಪಿನ್ನಿನ ಪವರ್ ಪ್ಲಗ್ 16. ಈ ಲೆಕ್ಕದಲ್ಲಿ ಎರಡೂ ಪವರ್ ಪ್ಲಗ್ಗಿಗೇ ಹೋಗಬೇಕು, ಒಂದು ಪ್ಲಗ್ಗಿಗೆ ಒಂದೇ. ಗೋಡೆಯೊಳಗಿನ ವೈರು ಪವರ್ ಪ್ಲಗ್ಗಿಗೆ 2.5 ಚದರ ಮಿಲಿಮೀಟರ್, ಗೀಸರಿಗೆ 4 ಇರಬೇಕು. ಲೈಟು ಫ್ಯಾನಿಗೆ ಎಳೆದ 1.5ರ ವೈರಿನ ತುದಿಗೆ ದೊಡ್ಡ ಸಾಕೆಟ್ ಕೂಡಿಸಿ "ಪವರ್ ಪಾಯಿಂಟ್" ಮಾಡಿಕೊಟ್ಟ ಮನೆಗಳು ಬೇಕಾದಷ್ಟಿವೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ, ಸಾಕೆಟ್ ಬಿಚ್ಚಿಸಿಯೇ ನೋಡಬೇಕು.

ಜಂಕ್ಷನ್ ಬಾಕ್ಸಿನ ಗತಿ ಇನ್ನೂ ಕೆಟ್ಟದ್ದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಾಕ್ಸಿನ ವೈರು ಹೆಚ್ಚೆಂದರೆ ಮುಕ್ಕಾಲು ಚದರ ಮಿಲಿಮೀಟರ್, ಅದು ಆರೇಳು ಆಂಪಿಯರಿಗೆ ಸರಿ. ಅದಕ್ಕೆ ಹೀಟರೂ ರಾಡೂ ಸಿಕ್ಕಿಸಿದರೆ 15 ಆಂಪಿಯರ್ ದಾಟಿತು. ಮೀಟರ್ ಬೋರ್ಡಿನ 16 ಆಂಪಿಯರ್ ಎಂಸಿಬಿ (ಕರೆಂಟು ಹೆಚ್ಚು ಹರಿದರೆ ತಾನೇ ಬೀಳುವ ಸ್ವಿಚ್ಚು) ಇದನ್ನು ಸರಿಯೆಂದೇ ಬಗೆಯುತ್ತದೆ. ಹದಿನೆಂಟು ಆಂಪಿಯರ್ ಹರಿದರೂ ಅದು ಒಂದು ಗಂಟೆ ಸುಮ್ಮನೆ ಕೂರಬಲ್ಲದು. ಆ ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ನಿಮ್ಮ ಬಾಕ್ಸಿನ ವೈರನ್ನಲ್ಲ. "ಎಂಸಿಬಿ ಇದೆ, ಏನೂ ಆಗಲ್ಲ" ಅನ್ನುವವರು ಇದೊಂದನ್ನು ತಿಳಿದುಕೊಳ್ಳಬೇಕು.

ಸಡಿಲ ಪಿನ್ನಿನದು ಬೇರೆಯೇ ಕಥೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಅಗಲವಾಗಿ ಪಿನ್ನು ಅಲ್ಲಾಡುತ್ತಿದ್ದರೆ ಅಲ್ಲಿ ಅರ್ಧ ಓಮಿನಷ್ಟು ತಡೆ ಹುಟ್ಟಬಹುದು. 8.7 ಆಂಪಿಯರ್ ಅದರ ಮೂಲಕ ಹರಿದರೆ 38 ವ್ಯಾಟ್ ಶಾಖ ಆ ಒಂದೇ ಬಿಂದುವಿನಲ್ಲಿ. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿಯನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಸಿಕ್ಕಿಸಿಟ್ಟ ಹಾಗೆ ಅದು. ಕರೆಂಟು ಹೆಚ್ಚೂ ಆಗಿಲ್ಲ, ಸೋರಿಯೂ ಇಲ್ಲ, ಆದ್ದರಿಂದ ಎಂಸಿಬಿಯೂ ಬೀಳುವುದಿಲ್ಲ, ಶಾಕ್ ತಪ್ಪಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಬೀಳುವುದಿಲ್ಲ. ಪತ್ತೆ ಹಚ್ಚುವುದು ಸುಲಭ: ಹೀಟರು ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಅದರ ಪ್ಲಾಸ್ಟಿಕ್ ಮೈ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಪಿನ್ನಿನ ಬುಡ ಕಂದಿದ್ದರೆ, ಮೀನು ಸುಟ್ಟ ಹಾಗೆ ವಾಸನೆ ಬಂದರೆ ಪ್ಲಗ್ಗನ್ನೂ ಸಾಕೆಟ್ಟನ್ನೂ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ.

ರಾಡಿನ ಲೆಕ್ಕ ಬಾಯಿಪಾಠ ಇರಲಿ. 20 ಲೀಟರಿನ ಬಕೆಟ್ಟಿನ ನೀರು 15 ಡಿಗ್ರಿಯಿಂದ 45ಕ್ಕೆ ಏರಲು 1,500 ವ್ಯಾಟಿನ ರಾಡಿಗೆ ಸುಮಾರು 28 ನಿಮಿಷ. ಅಷ್ಟಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮೊದಲು ರಾಡು ನೀರಿಗೆ, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಪ್ಲಗ್ಗು, ಆಮೇಲೆ ರಾಡು. ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಗೆ ತಾಗದಂತೆ ಅಡ್ಡ ಕಟ್ಟಿಗೆಗೆ ತೂಗುಹಾಕಿ. ಇಲ್ಲಿ ಹೆಚ್ಚಿನ ಅನಾಹುತ ಆಗುವುದು ಕರೆಂಟು ಹೋದಾಗ. ನೀರು ಕಾಯುವ ಮೊದಲೇ ಕರೆಂಟು ಹೋಯಿತು, ರಾಡನ್ನು ತೆಗೆದು ಬಟ್ಟೆಯ ಮೇಲೋ ಮಂಚದ ಮೇಲೋ ಇಟ್ಟು ಇದ್ದಷ್ಟು ನೀರಲ್ಲೇ ಸ್ನಾನಕ್ಕೆ ಹೋದರು, ಸ್ವಿಚ್ಚು ಆನ್ ಇದ್ದೇ ಇದೆ. ಕರೆಂಟು ತಿರುಗಿ ಬಂದ ಕ್ಷಣ, ನೀರಿಲ್ಲದ ರಾಡು ಒಂದೆರಡು ನಿಮಿಷದಲ್ಲಿ ಕೆಂಪಗಾಗುತ್ತದೆ.

ಹೀಟರಿನ ಮುಂದೆ, ಅಕ್ಕಪಕ್ಕ ಕನಿಷ್ಠ ಮೂರು ಅಡಿ ಖಾಲಿ ಜಾಗ ಬೇಕು. ಒದ್ದೆ ಬಟ್ಟೆ ಒಣಗಿಸಲು ಅದರ ಮೇಲೆ ಹಾಕುವುದು, ಟೆರಿಕಾಟ್ ಸೀರೆಯ ಸೆರಗು ಬಿಟ್ಟುಕೊಂಡು ಬೆನ್ನು ಕಾಯಿಸುವುದು ಎರಡೂ ಆಗದ ಕೆಲಸ. ನೈಲಾನು, ಪಾಲಿಯೆಸ್ಟರು ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ಕಾಯಿಸುವಾಗ ಮೈಮೇಲೆ ಹತ್ತಿಯೋ ಉಣ್ಣೆಯೋ ಇರಲಿ. ಬಟ್ಟೆಗೆ ಹೊತ್ತಿದರೆ ಓಡಬೇಡಿ, ನೆಲಕ್ಕೆ ಬಿದ್ದು ಮುಖ ಮುಚ್ಚಿಕೊಂಡು ಉರುಳಿ. ಪಕ್ಕದವರು ಕಂಬಳಿ ಹೊದಿಸಿ ಅದುಮಲಿ. ಆಮೇಲೆ ಬಳೆ, ಉಂಗುರ, ಕಾಲುಂಗುರ ಬಾವು ಬರುವ ಮೊದಲೇ ತೆಗೆದು, ಸುಟ್ಟ ಜಾಗಕ್ಕೆ ನಲ್ಲಿಯ ನೀರು ಪೂರ್ತಿ 20 ನಿಮಿಷ. ಪೇಸ್ಟು, ಇಂಕು, ಎಣ್ಣೆ, ಹಿಟ್ಟು ಯಾವುದೂ ಬೇಡ. ಮಕ್ಕಳಾದರೆ ಸುಟ್ಟ ಜಾಗಕ್ಕಷ್ಟೇ ನೀರು ಬಿಟ್ಟು ಉಳಿದ ಮೈಗೆ ಹೊದಿಸಿ, ಬೀದರಿನ ಜನವರಿ ನೀರಿಗೆ ಕೂಸು ತಣ್ಣಗಾಗಿಬಿಡುತ್ತದೆ.

ಸಿಲಿಂಡರು

ಚಳಿಗೆ ಸಿಲಿಂಡರಿನೊಳಗಿನ ಒತ್ತಡ ಇಳಿಯುತ್ತದೆ, ಕೊನೆಕೊನೆಗೆ ಉರಿ ಸಣ್ಣಗಾಗುತ್ತದೆ. ಆಗ ಸಿಲಿಂಡರನ್ನು ಬಿಸಿನೀರ ಬುಟ್ಟಿಯಲ್ಲಿ ಕೂಡಿಸುವುದು, ಅಡ್ಡ ಮಲಗಿಸಿ ಉರಿಸುವುದು, ಒಲೆಯ ಪಕ್ಕಕ್ಕೆ ಸರಿಸುವುದು ನಡೆಯುತ್ತದೆ. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ಬಂದು ಒಲೆಯಲ್ಲಿ ಆಳೆತ್ತರ ಉರಿ ಏಳುತ್ತದೆ. ಉಳಿದ ನೂರಿನ್ನೂರು ಗ್ರಾಮಿಗೆ ಈ ಸಾಹಸ ಬೇಡ.

ಕಿತ್ತಳೆ ಬಣ್ಣದ, ಒಳಗೆ ತಂತಿ ಹೆಣೆದ ಸುರಕ್ಷಾ ಪೈಪನ್ನೇ ಹಾಕಿಸಿ, ಉದ್ದ ಒಂದೂವರೆ ಮೀಟರಿಗಿಂತ ಹೆಚ್ಚು ಬೇಡ, ಐದು ವರ್ಷಕ್ಕೆ ಬದಲಿಸಿ. ಮೈಮೇಲೆ ತಾರೀಖು ಅಚ್ಚಾಗಿರುತ್ತದೆ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಎರಡಂಕಿ ಇರುತ್ತದೆ. ಎ ಅಂದರೆ ಮಾರ್ಚ್ ಕೊನೆ, ಡಿ ಅಂದರೆ ಡಿಸೆಂಬರ್ ಕೊನೆ, ಅಂಕಿ ವರ್ಷ. ಅದು ದಾಟಿದ ಸಿಲಿಂಡರನ್ನು ತಂದವರ ಕೈಗೇ ವಾಪಸ್ ಕೊಡಿ.

ಈ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಹರಡಿ ಕೂರುತ್ತದೆ. ಚಳಿಗೆ ಕಿಟಕಿಯೆಲ್ಲ ಮುಚ್ಚಿದ ಅಡುಗೆಮನೆಯಲ್ಲಿ ಗಾಳಿಯ ಬರೀ ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಬಲ್ಲದು. ಬೆಳಗಿನ ಜಾವ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ತಿರುಗಿಸಿ ಮುಚ್ಚಿ, ಕಳಚಿ, ದಾರದಲ್ಲಿ ತೂಗುವ ಬಿಳಿ ಮುಚ್ಚಳ ಒತ್ತಿ, ಬಾಗಿಲು ತೆರೆದು ಹೊರಗೆ ಬಂದು, ಅಂಗಳದಿಂದ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನು ಮಾಡಿ. ಪೈಪಿಗೇ ಬೆಂಕಿ ಹೊತ್ತಿದ್ದರೆ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ರೆಗ್ಯುಲೇಟರ್ ಮುಚ್ಚಿದರೆ ಉರಿ ತಾನೇ ನಿಲ್ಲುತ್ತದೆ. ಕೈ ಹೋಗದಿದ್ದರೆ ಹೊರಗೆ ಬನ್ನಿ. ಉರಿಯನ್ನಷ್ಟೇ ಆರಿಸಿ ಅನಿಲ ಸೋರುತ್ತಲೇ ಇದ್ದರೆ ಮೊದಲಿಗಿಂತ ದೊಡ್ಡ ಅಪಾಯ.

ಬಜ್ಜಿ ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಮುಚ್ಚಿ, ತಟ್ಟೆ ಮುಚ್ಚಿ, ಬಾಣಲೆಯನ್ನು ಅಲುಗಿಸದೆ ಬಿಡಿ. ನೀರು ಹಾಕಿದರೆ ಅದು ಎಣ್ಣೆಯ ತಳದಲ್ಲಿ 1,700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಚಿಮ್ಮಿಸುತ್ತದೆ.

ರಾಶಿ ಕಾಲದ ಮನೆ

ನಮ್ಮಲ್ಲಿ ಚಳಿಗಾಲವೇ ಸುಗ್ಗಿ. ಯಾದಗಿರಿ, ಶಹಾಪುರ, ಸುರಪುರ ಕಡೆ ರೇಟು ಏರಲಿ ಅಂತ ಹತ್ತಿಯನ್ನು ಪಡಸಾಲೆಯಲ್ಲೇ ಸೂರುಮಟ್ಟ ಒಟ್ಟುತ್ತಾರೆ. ಅದರ ಪಕ್ಕದಲ್ಲೇ ದೇವರ ದೀಪ, ಸೊಳ್ಳೆ ಬತ್ತಿ, ಬೀಡಿ. ಹತ್ತಿಯ ಬೆಂಕಿ ಮೇಲ್ಮೈಯಲ್ಲಿ ಸರ್ರನೆ ಓಡಿ, ಆಮೇಲೆ ಒಳಗೆ ಇಳಿದು ಕೂರುತ್ತದೆ. ಮೇಲೆ ಎಷ್ಟು ನೀರು ಹೊಡೆದರೂ ಎಣ್ಣೆಯಂಶದ ಎಳೆಗಳ ಮೇಲಿಂದ ಜಾರುತ್ತದೆ, ಒಳಗಿನ ಕಿಡಿ ಮರುದಿನ ಮತ್ತೆ ಎದ್ದುಬರುತ್ತದೆ. ಅಗ್ನಿಶಾಮಕದವರು ಇಡೀ ರಾಶಿಯನ್ನು ಎಳೆದು ಬಿಡಿಸಿ ತೋಯಿಸಬೇಕು, ಅಂದರೆ ಗಂಟೆಗಟ್ಟಲೆ ಹೊಗೆಯಲ್ಲಿ ನಿಲ್ಲಬೇಕು. ಹತ್ತಿಗೆ ಬೇರೆ ಕೋಣೆ ಇರಲಿ, ಅಲ್ಲಿ ಸ್ವಿಚ್ ಬೋರ್ಡು ಬೇಡ, ರಾಶಿಯ ಸುತ್ತ ಮನುಷ್ಯ ನಡೆದಾಡುವಷ್ಟು ಜಾಗ ಬಿಡಿ.

ಅದೇ ಕೋಣೆಯ ಮೂಲೆಯಲ್ಲಿ ಬೆಳೆಗೆ ಹೊಡೆದು ಉಳಿದ ಎಣ್ಣೆ (ಕ್ರಿಮಿನಾಶಕ) ಬಾಟಲಿ ಇಡುವ ರೂಢಿ ತಪ್ಪಬೇಕು. ಕ್ರಿಮಿನಾಶಕ ಉರಿದ ಹೊಗೆ ಬರೀ ಹೊಗೆಯಲ್ಲ, ಬಾಟಲಿಯಲ್ಲಿದ್ದ ವಿಷವೂ ಅದರಲ್ಲಿ ಸೇರಿರುತ್ತದೆ. ಮನೆಯ ಹೊರಗೆ ಬೀಗ ಹಾಕಿದ ತಗಡಿನ ಪೆಟ್ಟಿಗೆ ಸಾಕು.

ತೊಗರಿ ಕಟ್ಟಿಗೆಯನ್ನು ಮನೆ ಗೋಡೆಗೆ ಒರಗಿಸಿ ಸೂರಿನ ತನಕ ಪೇರಿಸುವುದು ಕಲಬುರಗಿಯ ಹಳ್ಳಿಗಳಲ್ಲಿ ಸಾಮಾನ್ಯ ನೋಟ. ಒಣಗಿದ ತೊಗರಿ ಕಟ್ಟಿಗೆ ಒಳಗೆ ಗಾಳಿಯಾಡುವಂತೆ ಕೂತಿರುತ್ತದೆ, ಒಂದು ಕಿಡಿಗೆ ಬಾಗಿಲು, ಜಂತಿ ಎಲ್ಲಕ್ಕೂ ಹತ್ತುತ್ತದೆ. ಕಟ್ಟಿಗೆ, ಬಣವೆ ಎರಡೂ ಮನೆಯಿಂದ 60 ಅಡಿಯಾದರೂ ದೂರ ಇರಲಿ, ಮೇಲೆ ಕರೆಂಟಿನ ತಂತಿ ಹಾಯದ ಕಡೆ. ರಾಶಿ ಮಷೀನು ಓಡುವಾಗ ಟ್ರ್ಯಾಕ್ಟರಿನ ಸೈಲೆನ್ಸರ್ ಹೊಟ್ಟಿನ ಕಡೆ ಮುಖ ಮಾಡದಿರಲಿ, ಎರಡು ಡ್ರಮ್ಮು ನೀರು ಪಕ್ಕದಲ್ಲಿರಲಿ.

ಬೆಂಕಿ ಬಿದ್ದಾಗ

ಎಲ್ಲರನ್ನೂ ಹೊರಗೆ ಕಳಿಸಿ, ಹೊರಡುವಾಗ ಉರಿಯುವ ಕೋಣೆಯ ಬಾಗಿಲು ಎಳೆದುಕೊಂಡು ಬನ್ನಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ. ಮುಚ್ಚಿದ ಸಾದಾ ಕಟ್ಟಿಗೆಯ ಬಾಗಿಲು ಬೆಂಕಿಗೆ ಗಾಳಿಯನ್ನೂ ತಡೆಯುತ್ತದೆ, ಹೊಗೆಯನ್ನೂ ತಡೆಯುತ್ತದೆ. ಹೊಗೆ ತುಂಬಿದ್ದರೆ ತೆವಳಿಕೊಂಡು ಬನ್ನಿ, ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ. ಮನೆಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೊಗೆ, ಉರಿಯಲ್ಲ. ಬಾಗಿಲ ಪಕ್ಕದಲ್ಲಿ ಬೆಂಕಿ ಆರಿಸುವ ಎರಡು ಕಿಲೋದ ಎಬಿಸಿ ಪೌಡರ್ ಸಿಲಿಂಡರ್ ಇದ್ದರೆ, ಬೆಂಕಿ ಕಸದ ಬುಟ್ಟಿಯಷ್ಟಿರುವಾಗ ಮಾತ್ರ, ಬೆನ್ನ ಹಿಂದೆ ಬಾಗಿಲು ಇಟ್ಟುಕೊಂಡು, ಪಿನ್ ಎಳೆದು ಉರಿಯ ಬುಡಕ್ಕೆ ಹೊಡೆಯಿರಿ. ಅದು ಹತ್ತು ಸೆಕೆಂಡಿನ ಆಸುಪಾಸು ಬರುತ್ತದೆ, ಅಷ್ಟರಲ್ಲಿ ಆರದಿದ್ದರೆ ನಿಮ್ಮ ಸರದಿ ಮುಗಿಯಿತು.

101 ಅಥವಾ 112ಕ್ಕೆ ಫೋನು ಮಾಡಿ. ಹೇಳಬೇಕಾದ್ದು: ಊರು, ಓಣಿ, ಎಲ್ಲರಿಗೂ ಗೊತ್ತಿರುವ ಗುರುತು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ. ನಂತರ ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಬೇಕು, ಇಬ್ಬರು ಓಣಿಯ ಬೈಕು ಸರಿಸಬೇಕು. ಕಲಬುರಗಿಯ ಶಹಾಬಜಾರ್, ಬೀದರಿನ ಚೌಬಾರದ ಸುತ್ತಲಿನ ಗಲ್ಲಿಗಳಲ್ಲಿ ಅಡ್ಡ ನಿಲ್ಲಿಸಿದ ಒಂದು ಕಾರು ಸಾಕು, ಅಗ್ನಿಶಾಮಕ ಗಾಡಿ ಅಲ್ಲೇ ನಿಂತು 15 ಮೀಟರಿನ ಒಂದೊಂದೇ ಹೋಸ್ ಜೋಡಿಸುತ್ತಾ ಬರಬೇಕಾಗುತ್ತದೆ. ಗಾಡಿಯಲ್ಲಿ 4,500 ಲೀಟರ್ ನೀರಿದ್ದು, ಒಂದು ಬ್ರಾಂಚ್ (ಹೋಸಿನ ತುದಿಯ ನಳಿಕೆ) ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಬೋರ್‌ವೆಲ್ ಇರುವವರು, ತುಂಬಿದ ಸಂಪು ಇರುವವರು ಆಗಲೇ ಮುಚ್ಚಳ ತೆಗೆದು ತೋರಿಸಬೇಕು.

ಗಾಡಿ ಬಂದ ಕೂಡಲೇ ಮುಂದಾಳಿನ ಹತ್ತಿರ ಮನೆಯವರೊಬ್ಬರೇ ಹೋಗಿ ಮಾತಾಡಿ, ಹತ್ತು ಜನ ಕೂಗಬೇಡಿ. ಸಿಲಿಂಡರು ಎಷ್ಟು, ಯಾವ ಮೂಲೆಯಲ್ಲಿ, ಇನ್ವರ್ಟರ್ ಬ್ಯಾಟರಿ ಎಲ್ಲಿ, ಮೇನ್ ಆರಿಸಿದ್ದೀರಾ, ಎಣ್ಣೆ ಬಾಟಲಿ, ಗೊಬ್ಬರ ಇದೆಯೇ, ಸೂರು ಯಾವುದು. ಸೂರಿನ ಮಾತು ನಮ್ಮ ಭಾಗಕ್ಕೆ ಬಹಳ ಮುಖ್ಯ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿ. ಕೆಳಗಿಂದ ಕಾದ ಚಪ್ಪಡಿಗೆ ತಣ್ಣೀರು ಬಿದ್ದರೆ ಬಿರಿಯುತ್ತದೆ, ಅದನ್ನು ಹೊತ್ತ ಕಬ್ಬಿಣದ ಗರ್ಡರು 550–600 ಡಿಗ್ರಿಯಲ್ಲಿ ಅರ್ಧ ಬಲ ಕಳೆದುಕೊಳ್ಳುತ್ತದೆ. ಮಣ್ಣಿನ ಮಾಳಿಗೆಯಾದರೆ ಜಂತಿ ಸುಟ್ಟ ಮೇಲೆ ಟನ್ನುಗಟ್ಟಲೆ ಮಣ್ಣು ಒಮ್ಮೆಲೇ ಕುಸಿಯುತ್ತದೆ. ಒಳಗೆ ಯಾರೂ ಇಲ್ಲ ಅನ್ನುವುದು ಖಚಿತವಿದ್ದರೆ ಖಚಿತವಾಗಿಯೇ ಹೇಳಿ, ಆಗ ಅವರು ಒಳಗೆ ನುಗ್ಗದೆ ಹೊರಗಿಂದಲೇ ನೀರು ಹೊಡೆಯುವ ತೀರ್ಮಾನ ತೆಗೆದುಕೊಳ್ಳಬಹುದು. ಬೀರುವಿನ ಬಂಗಾರಕ್ಕೋ, ಕಾಗದಪತ್ರಕ್ಕೋ ಅವರನ್ನು ಒಳಗೆ ಕಳಿಸುವ ಒತ್ತಾಯ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವರ ಎದೆ, ಅವರ ಚರ್ಮ

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಸಾಕಷ್ಟು ಪುರಾವೆ ಇದೆ ಅಂದದ್ದು ಎರಡಕ್ಕೆ: ಮೂತ್ರಕೋಶದ ಕ್ಯಾನ್ಸರ್, ಮತ್ತು ಆಸ್ಬೆಸ್ಟಾಸಿನ ಜೊತೆ ನಂಟಿರುವ ಮೀಸೋಥೆಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್). ನಮ್ಮ ಊರುಗಳಲ್ಲಿ ಹಳೆ ಸಿಮೆಂಟ್ ಶೀಟಿನ ಸೂರಿಗೆ ಲೆಕ್ಕವಿಲ್ಲ. ಬೆಂಕಿಗೆ ಆ ಶೀಟು ಪಟಪಟ ಸಿಡಿದು ಚೂರಾಗುವಾಗ ಆಸ್ಬೆಸ್ಟಾಸ್ ಎಳೆ ಗಾಳಿಗೆ ಸೇರುತ್ತದೆ. ಕೆಳಗೆ ಫೋಮಿನ ಹಾಸಿಗೆ ಉರಿಯುತ್ತಿದ್ದರೆ ಕಾರ್ಬನ್ ಮೊನಾಕ್ಸೈಡಿನ ಜೊತೆ ಹೈಡ್ರೋಜನ್ ಸಯನೈಡೂ ಇರುತ್ತದೆ.

ಹೊಗೆಯೊಳಗೆ ಉಸಿರಾಡಲು ಬೆನ್ನಿಗೆ ಕಟ್ಟುವ ಬಿ.ಎ. ಸೆಟ್ಟಿನ 6.8 ಲೀಟರಿನ ಸಿಲಿಂಡರನ್ನು 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ ಅದು ಮುಕ್ಕಾಲು ಗಂಟೆ ಅನ್ನುತ್ತಾರೆ. ಹೋಸ್ ಎಳೆಯುತ್ತಾ, ಮೆಟ್ಟಿಲು ಹತ್ತುತ್ತಾ ಉಸಿರು 80 ಲೀಟರಿಗೆ ಏರಿದರೆ ಇಪ್ಪತ್ತೈದು ನಿಮಿಷದೊಳಗೆ ಮುಗಿಯಿತು, ಅದರಲ್ಲೂ ಕೊನೆಯ ಐವತ್ತೈದು ಬಾರ್ ಆಸುಪಾಸಿನಲ್ಲಿ ಸೀಟಿ ಊದತೊಡಗುತ್ತದೆ, ಅಷ್ಟರೊಳಗೆ ಹೊರಗೆ ಬಂದಿರಬೇಕು.

ಆದರೆ ವಿಷ ಒಳಹೋಗುವುದು ಉರಿ ಎದ್ದಾಗ ಮಾತ್ರ ಅಲ್ಲ, ಉರಿ ಆರಿದ ಮೇಲೂ. ಬೆಂಕಿ ಆರಿತು, ಹೊಗೆ ತೆಳುವಾಯಿತು, ಬೂದಿ ಕೆದರಿ ಕಿಡಿ ಹುಡುಕುವ ಕೆಲಸ ಬಾಕಿ. ಸೆಖೆ, ಸುಸ್ತು, ಜನ ಸುತ್ತ ನಿಂತು ನೋಡುತ್ತಿರುತ್ತಾರೆ. ಮಾಸ್ಕು ಕಳಚಿ ಕೈಗೆ ಬರುತ್ತದೆ. ಹೊಗೆಯಾಡುವ ಕೌದಿ, ಹತ್ತಿ, ಫೋಮು ಆ ಹೊತ್ತಿನಲ್ಲಿ ಬಿಡುವ ಕಾರ್ಬನ್ ಮೊನಾಕ್ಸೈಡು ಸಣ್ಣದಲ್ಲ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಕೆದರುವ ಕೆಲಸ ಮುಗಿಯುವವರೆಗೆ ಮಾಸ್ಕು ಮುಖದ ಮೇಲೇ ಇರಬೇಕು. ಸಿಲಿಂಡರು ಮುಗಿದರೆ ಆಳು ಬದಲಾಗಬೇಕು.

ಮಸಿ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅದರಲ್ಲೂ ಕುತ್ತಿಗೆ, ದವಡೆಯ ಕೆಳಗೆ, ಕಂಕುಳು, ತೊಡೆಸಂದಿ. ಮೈ ಬಿಸಿಯಾಗಿ ಬೆವತಷ್ಟೂ ಹೆಚ್ಚು. ಕ್ರಮ ಹೀಗಿರಬೇಕು: ಮಾಸ್ಕು ತೆಗೆಯುವ ಮೊದಲೇ ಕೋಟಿನ ಮೇಲೆ ನೀರು, ಸೋಪಿನ ನೊರೆ, ಉದ್ದ ಹಿಡಿಯ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಉಜ್ಜಿ ತೊಳೆಯುವುದು. ಅಳೆದು ನೋಡಿದವರ ಪ್ರಕಾರ ಹೀಗೆ ಸೋಪು ನೀರಿನಿಂದ ತೊಳೆದರೆ ಕೋಟಿನ ಮೇಲ್ಮೈಯ ಮಸಿ ವಿಷದಲ್ಲಿ ಸುಮಾರು ನೂರಕ್ಕೆ 85 ಪಾಲು ಹೋಗುತ್ತದೆ, ಒಣ ಬ್ರಷ್ಷಿನಿಂದ ಅಷ್ಟು ಹೋಗುವುದಿಲ್ಲ. ಆಮೇಲೆ ಕುತ್ತಿಗೆ, ಮುಖ, ಕೈ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದಾದ ಮೇಲೆಯೇ ಚಹಾ. ಓಣಿಯ ಅಕ್ಕ ತಟ್ಟೆಯಲ್ಲಿ ಚಹಾ, ಬಿಸ್ಕತ್ತು ತರುವುದು ಒಳ್ಳೆಯ ಮನಸ್ಸೇ, ಆದರೆ ಮಸಿ ಕೈಯಲ್ಲಿ ಬಿಸ್ಕತ್ತು ತಿಂದರೆ ಆ ಮಸಿಯೂ ಹೊಟ್ಟೆಗೆ. ಚಹಾದ ಜೊತೆ ಒಂದು ಬಕೆಟ್ ನೀರು, ಸೋಪು ತನ್ನಿ ಅಕ್ಕಾ, ಮೊದಲು ಅದನ್ನು ಕೊಡಿ.

ಠಾಣೆಗೆ ಮರಳಿ ಒಂದು ಗಂಟೆಯೊಳಗೆ ಬಿಸಿನೀರ ಸ್ನಾನ. ಮಸಿ ಹಿಡಿದ ಕೋಟು, ಬೂಟು ಗಾಡಿಯ ಕ್ಯಾಬಿನ್ನಿನಲ್ಲಿ ಅಲ್ಲ, ಕಟ್ಟಿದ ಚೀಲದಲ್ಲಿ ಹಿಂದಿನ ಪೆಟ್ಟಿಗೆಗೆ. ಖಾಕಿಯನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ಒಗೆಯುವುದು ಬೇಡ, ಠಾಣೆಯಲ್ಲೇ ಬೇರೆ ಒಗೆದು, ನೆರಳಲ್ಲಿ ಒಣಗಿಸಿ. ಮಸಿ ಕಂದಿದ ಸಮವಸ್ತ್ರವನ್ನು ಧೈರ್ಯದ ಗುರುತಾಗಿ ಇಟ್ಟುಕೊಳ್ಳುವ ರೂಢಿ ಬಹಳ ದೇಶಗಳಲ್ಲಿತ್ತು, ಈಗ ಎಲ್ಲೆಡೆ ಬಿಡುತ್ತಿದ್ದಾರೆ.

ಹೃದಯದ ಮಾತನ್ನೂ ಮರೆಯುವ ಹಾಗಿಲ್ಲ. ಅಮೆರಿಕದ ದಾಖಲೆಗಳಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಕೊಂಡೊಯ್ದದ್ದು ಹೃದಯಾಘಾತ. ನಿದ್ದೆಯಿಂದ ಗಂಟೆ ಬಾರಿಸಿ ಎಬ್ಬಿಸಿದ ಮೈ ಒಂದೇ ನಿಮಿಷದಲ್ಲಿ ಓಟಕ್ಕೆ ಬೀಳುತ್ತದೆ, ಒಳಗೆ ಕಾದ ಗಾಳಿ, ಹೊರಗೆ ಬಂದರೆ ತೊಯ್ದ ಬಟ್ಟೆಗೆ ಚಳಿಗಾಳಿ. ಬೀದರಿನ ಜನವರಿ ರಾತ್ರಿಯಲ್ಲಿ ಗಾಡಿಯೊಳಗೆ ಒಣಗಿದ ಒಂದು ಜೊತೆ ಬಟ್ಟೆ, ಉಣ್ಣೆ ಟೋಪಿ ಇರುವುದು ಐಷಾರಾಮ ಅಲ್ಲ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಕೋಟಿನೊಳಗೆ ಬೆವರು ಬೇಸಿಗೆಯಷ್ಟೇ ಹರಿದಿರುತ್ತದೆ. ಪ್ರತಿ ಸಿಲಿಂಡರ್ ಬದಲಿಸುವಾಗ ಅರ್ಧ ಲೀಟರ್ ನೀರು ಕುಡಿಯಬೇಕು. ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಇಸಿಜಿ, ಬಿಪಿ, ಸಕ್ಕರೆ, ಊದಿ ನೋಡುವ ಶ್ವಾಸಕೋಶದ ಪರೀಕ್ಷೆ ಆಗಲೇಬೇಕು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಶಾಖಕ್ಕೆ ಅಂತ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ, ಮಾಡುವ ಕೆಲಸ ಏನು ಅಂತಲೂ ಹೇಳಿ.

ಬೆಂಕಿ ಆರಿ ಗಾಡಿ ಹೋದ ಮೇಲೆ ಅದೇ ಬೂದಿಯೊಳಗೆ ಇಳಿಯುವವರು ಮನೆಯವರು. ಅವರಿಗೂ ಇದೇ ನಿಯಮ. ಒಣ ಬೂದಿ ಗುಡಿಸಬೇಡಿ, ನೀರು ಚಿಮುಕಿಸಿ ಸಲಿಕೆಯಿಂದ ಎತ್ತಿ. ಮೂಗಿಗೆ ಟವೆಲ್ ಸಾಲದು, ಎನ್95 ಮಾಸ್ಕು ಬೇಕು, ಕೈಗೆ ರಬ್ಬರಿನ ಗ್ಲೌಸು. ಸಿಮೆಂಟ್ ಶೀಟಿನ ಚೂರನ್ನು ಒಡೆದು ಸಣ್ಣದು ಮಾಡದೆ ತೋಯಿಸಿ ಗೋಣಿಯಲ್ಲಿ ಕಟ್ಟಿ. ಹೊಗೆ ತಾಗಿದ ಹಿಟ್ಟು, ಬೇಳೆ, ರೊಟ್ಟಿ ದನಕ್ಕೂ ಹಾಕಬೇಡಿ. ಮೇನ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಬಂದು ಪ್ರತಿ ಲೈನೂ ಪರೀಕ್ಷೆ ಮಾಡುವ ತನಕ ಯಾರೂ ಮುಟ್ಟಕೂಡದು. ಕಾದು ಕರಗಿದ ವೈರಿನ ಹೊದಿಕೆ ಗೋಡೆಯೊಳಗೆ ಹೇಗಿದೆಯೋ ಹೊರಗಿಂದ ಕಾಣುವುದಿಲ್ಲ.